ದೊಡ್ಡ ಪಾಲುದಾರ ಇರುವ ಸಣ್ಣ ತಾಮ್ರದ ಕಂಪನಿ: ಸೇಡಂ ಬಿಟ್ಟು ಬೋಟ್ಸ್ವಾನಕ್ಕೆ ಹೋಗಲಾ?

ಕೇಳಿದವರು (ಸೇಡಂ)

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಕಲಬುರಗಿಯಲ್ಲಿ ಭೂವಿಜ್ಞಾನದ ಎಂಎಸ್ಸಿ ಮುಗಿಸಿದೆ. ಐದು ವರ್ಷದಿಂದ ಸೇಡಂ ಕಡೆ ಒಂದು ಸಿಮೆಂಟ್ ಕಾರ್ಖಾನೆಯ ಸುಣ್ಣದಕಲ್ಲಿನ ಗಣಿಯಲ್ಲಿ ಜಿಯಾಲಜಿಸ್ಟ್ ಆಗಿದ್ದೇನೆ. ಈಗ ಬೋಟ್ಸ್ವಾನದಲ್ಲಿ ತಾಮ್ರ ಹುಡುಕುವ ಸಣ್ಣ ಕಂಪನಿಯೊಂದರಿಂದ ಆಫರ್ ಬಂದಿದೆ. ಕೆನಡಾದ ಷೇರುಪೇಟೆಯಲ್ಲಿರುವ ಕಂಪನಿ, ಸ್ವಂತ ಗಣಿ ಒಂದೂ ಇಲ್ಲ. ಆದರೆ ದೊಡ್ಡ ಗಣಿ ಕಂಪನಿಯೊಂದು ಪಾಲುದಾರನಾಗಿ ಬಂದಿದೆ, ಡ್ರಿಲ್ಲಿಂಗ್ ಖರ್ಚೆಲ್ಲ ಅವರದ್ದೇ ಅಂತ ಇಂಟರ್‌ವ್ಯೂನಲ್ಲಿ ಹೇಳಿದರು. ಸಂಬಳ ಈಗಿನದರ ಎರಡೂವರೆ ಪಟ್ಟು. ಆರು ವಾರ ಕೆಲಸ, ಮೂರು ವಾರ ರಜೆ. ಜೊತೆಗೆ ಒಂದಷ್ಟು ಷೇರ್ ಆಪ್ಷನ್. "ದೊಡ್ಡವರು ಜೊತೆಗಿದ್ದಾರಲ್ಲ, ಇನ್ನೇನು ಚಿಂತೆ" ಅಂತಾರೆ ಅಪ್ಪ. ನನಗೇಕೋ ಅಳುಕು. ಇಂಥ ಕಡೆ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಶಹಾಪುರದಿಂದ

ತಮ್ಮಾ, ನಿಮ್ಮ ಅಪ್ಪ ಹೇಳಿದ ಮಾತನ್ನೇ ನಮ್ಮಪ್ಪನೂ ಹೇಳಿದ್ದರು. ನಾನೂ ಬೋಟ್ಸ್ವಾನದಲ್ಲೇ, ಕಲಹರಿ ತಾಮ್ರದ ಪಟ್ಟಿ ಅನ್ನೋ ಕಡೆ ಎರಡು ವರ್ಷ ಇದ್ದು ಬಂದವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ "ಪಾಲುದಾರ" ಅನ್ನೋ ಪದ ಬಿಡಿಸಿ ನೋಡಿ. ನಮ್ಮ ಕಡೆ ಹೊಲ ಪಾಲಿಗೆ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಸಣ್ಣ ಕಂಪನಿಯ ಹತ್ತಿರ ಲೈಸೆನ್ಸ್ ಇದೆ, ದುಡ್ಡಿಲ್ಲ. ದೊಡ್ಡವರ ಹತ್ತಿರ ದುಡ್ಡಿದೆ. ಇಷ್ಟು ವರ್ಷದಲ್ಲಿ ಇಷ್ಟು ಕೋಟಿ ಖರ್ಚು ಮಾಡಿದರೆ ಪ್ರಾಜೆಕ್ಟಿನಲ್ಲಿ 51 ಶೇಕಡಾ ನಿಮಗೆ, ಇನ್ನೂ ಮುಂದೆ ಹೋದರೆ 70 ಅಥವಾ 75, ಈ ತರಹ ಬರೆದುಕೊಳ್ಳುತ್ತಾರೆ. ಇದಕ್ಕೆ ಅರ್ನ್-ಇನ್ ಅಂತಾರೆ. ಹೊಲದ ಪಾಲಿಗೂ ಇದಕ್ಕೂ ವ್ಯತ್ಯಾಸ ಏನಪ್ಪಾ ಅಂದರೆ, ಇಲ್ಲಿ ಖರ್ಚು ಹಾಕಿದವನಿಗೆ ಬೆಳೆಯಲ್ಲಲ್ಲ, ಹೊಲದಲ್ಲೇ ಪಾಲು. ಮತ್ತೆ ಬಿತ್ತನೆ ಅರ್ಧಕ್ಕೆ ಬಿಟ್ಟು ಎದ್ದು ಹೋಗೋ ಹಕ್ಕೂ ಅವನಿಗೇ.

ಈ ಎರಡನೆಯದನ್ನು ನನಗೆ ಯಾರೂ ಹೇಳಿರಲಿಲ್ಲ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಮೊದಲ ಹಂತದ ಕನಿಷ್ಠ ಖರ್ಚು ಮಾತ್ರ ಕಡ್ಡಾಯ. ಮುಂದಿನದ್ದೆಲ್ಲ ಅವರ ಇಷ್ಟ. "ಐದು ವರ್ಷದಲ್ಲಿ ಇಷ್ಟು ಕೋಟಿ ಡಾಲರ್" ಅಂತ ಪತ್ರಿಕೆಯಲ್ಲಿ ಬರುವ ದೊಡ್ಡ ಅಂಕಿ ಇದೆಯಲ್ಲ, ಅದು ಮಾತು ಕೊಟ್ಟ ದುಡ್ಡಲ್ಲ, ಖರ್ಚು ಮಾಡಬಹುದಾದ ದುಡ್ಡು.

ನಮ್ಮ ಸೈಟಿನ ಕಥೆ ಕೇಳಿ. ಅಲ್ಲಿ ನೆಲದ ಮೇಲೆ ಏನೂ ಕಾಣಿಸುವುದಿಲ್ಲ. ಬರೀ ಮರಳು, ಕೆಳಗೆ ಕ್ಯಾಲ್ಕ್ರೀಟ್ ಅನ್ನೋ ಗಟ್ಟಿ ಸುಣ್ಣದ ಪದರ. ವಿಮಾನದಿಂದ ಮಾಡಿದ ಸರ್ವೆಯ ನಕ್ಷೆ ನಂಬಿ ಕೊರೆಯಬೇಕು. ಕೆಂಪು ಮರಳುಗಲ್ಲು ಮುಗಿದು ಅದರ ಮೇಲಿನ ಬೂದು ಬಣ್ಣದ ಸಿಲ್ಟ್‌ಸ್ಟೋನ್ ಶುರುವಾಗುವ ಜಾಗದಲ್ಲೇ ತಾಮ್ರ ಕೂತಿರುತ್ತದೆ. ನಮ್ಮ ನಾಲ್ಕನೇ ಹೋಲ್‌ನಲ್ಲಿ ಬಾರ್ನೈಟ್ ಬಂತು, ಜೊತೆಗೆ ಚಾಲ್ಕೊಸೈಟ್, ಎರಡೂ ತಾಮ್ರದ ಖನಿಜ. ಕೋರ್‌ಗೆ, ಅಂದರೆ ಕೊರೆದು ತೆಗೆದ ಉದ್ದನೆಯ ಕಲ್ಲಿಗೆ, ನೀರು ಹಾಕಿದರೆ ನವಿಲುಗರಿ ತರಹ ಹೊಳೆಯುತ್ತಿತ್ತು. ಲ್ಯಾಬಿನಿಂದ ರಿಪೋರ್ಟ್ ಬಂದಾಗ ಏಳು ಮೀಟರ್ ಉದ್ದಕ್ಕೆ ಸರಾಸರಿ ಒಂದೂವರೆ ಶೇಕಡಾ ತಾಮ್ರ. ಕ್ಯಾಂಪಿನಲ್ಲಿ ಹಬ್ಬ.

ಏಳು ತಿಂಗಳಾದ ಮೇಲೆ ಪಾಲುದಾರ ಎದ್ದು ಹೋದ.

ಕಲ್ಲಲ್ಲಿ ತಾಮ್ರ ಇತ್ತು. ಅವರ ಅಳತೆಗೆ ಇರಲಿಲ್ಲ. ದೊಡ್ಡ ಕಂಪನಿಗೆ ಹತ್ತಾರು ವರ್ಷ ನಡೆಯುವ ಭಾರೀ ಗಣಿ ಬೇಕು. ಸಣ್ಣ ಕಂಪನಿಯ ಜೀವನವನ್ನೇ ಬದಲಿಸುವ ನಿಕ್ಷೇಪ ಅವರ ಲೆಕ್ಕದಲ್ಲಿ ಚಿಲ್ಲರೆ. ಅವರು ಹೋದ ಮರುದಿನ ಷೇರು ಬಿತ್ತು. ಬಿದ್ದ ಬೆಲೆಗೆ ಹೊಸ ಷೇರು ಮಾರಿ ದುಡ್ಡು ಎತ್ತಬೇಕು, ಕೊಳ್ಳುವವರಿಲ್ಲ. ಎರಡು ತಿಂಗಳ ಸಂಬಳ ತಡವಾಗಿ ಬಂತು. ವಾಪಸ್ ಬರುವ ಟಿಕೆಟ್ ನಾನೇ ತೆಗೆಸಿದೆ, ಆ ದುಡ್ಡು ಇವತ್ತಿಗೂ ಬಂದಿಲ್ಲ.

ಈಗ ಯೋಚಿಸಿದರೆ ಸೂಚನೆ ಮೊದಲೇ ಇತ್ತು. ಪಾಲುದಾರನ ಕಡೆಯವರು ತಿಂಗಳಿಗೊಮ್ಮೆ ಬಂದು ಕೋರ್ ನೋಡುತ್ತಿದ್ದವರು ಬರುವುದು ಬಿಟ್ಟರು. ಎರಡೂ ಕಡೆಯವರು ಕೂತು ಬಜೆಟ್ ಮಾಡುವ ಟೆಕ್ನಿಕಲ್ ಕಮಿಟಿ ಮೀಟಿಂಗ್ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಅಲ್ಲಿ ಮಳೆಗಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಮಳೆ ನಿಂತರೂ ಕೊರೆಯುವ ರಿಗ್‌ನವರ ಜೊತೆ ಕರಾರು ಆಗಿರಲಿಲ್ಲ. ನಾವು ಮಾತ್ರ ಹಳೆ ಕೋರ್ ಬಾಕ್ಸ್‌ಗಳನ್ನು ಮತ್ತೆ ಮತ್ತೆ ಲಾಗ್ ಮಾಡುತ್ತಾ, ಅಂದರೆ ನೋಡಿ ನೋಡಿ ಬರೆದಿಡುತ್ತಾ, ಕೂತಿದ್ದೆವು.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ಆಫರ್ ಕೊಟ್ಟವರಿಗೆ ಮೂರು ಪ್ರಶ್ನೆ ಕೇಳಿ. ಕಡ್ಡಾಯ ಖರ್ಚಿನ ಭಾಗ ಮುಗಿದಿದೆಯಾ? ಈ ವರ್ಷದ ಡ್ರಿಲ್ಲಿಂಗ್ ಬಜೆಟ್‌ಗೆ ಸಹಿ ಆಗಿದೆಯಾ? ಕೆಲಸ ನಡೆಸುವವರು, ಅಂದರೆ ಆಪರೇಟರ್, ಯಾರು? ಅವರು ಹೇಳದಿದ್ದರೂ ಪರವಾಗಿಲ್ಲ. ಕೆನಡಾದಲ್ಲಿ ಪಟ್ಟಿಯಾದ ಕಂಪನಿ ಅಂದಮೇಲೆ ಅವರು ಬಹಿರಂಗ ಮಾಡಬೇಕಾದ ಕಾಗದವೆಲ್ಲ ಸೆಡಾರ್ ಪ್ಲಸ್ ಅನ್ನೋ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಒಪ್ಪಂದ ಆದಾಗಿನ ಪ್ರಕಟಣೆ ಓದಿ. ಮೂರು ತಿಂಗಳಿಗೊಮ್ಮೆ ಬರುವ ಲೆಕ್ಕದಲ್ಲಿ ಕೈಯಲ್ಲಿ ಎಷ್ಟು ನಗದು ಇದೆ, ತಿಂಗಳಿಗೆ ಎಷ್ಟು ಖರ್ಚು ಅಂತ ನೋಡಿ. ಭಾಗಾಕಾರ ಮಾಡಿ. ನಿಮ್ಮ ಕೆಲಸದ ಆಯುಷ್ಯ ಅಷ್ಟು ತಿಂಗಳು.

ಕಲಬುರಗಿಯಿಂದ

ಅಣ್ಣಾರು ಹೇಳಿದ್ದೆಲ್ಲ ನಿಜ, ಆದರೆ ಇನ್ನೊಂದು ಮುಖವೂ ಇದೆ ರೀ. ನಾನು ಜಾಂಬಿಯಾದ ಸೋಲ್ವೇಜಿ ಕಡೆ ಇಂಥದ್ದೇ ಸಣ್ಣ ಕಂಪನಿಯಲ್ಲಿದ್ದೆ. ನಮ್ಮ ಪಾಲುದಾರ ಹೋಗಲಿಲ್ಲ, ಪೂರ್ತಿ ಒಳಗೇ ಬಂದ. 51 ಆದ ಕೂಡಲೇ ಆಪರೇಟರ್ ಆದ. ನಾವು ಹನ್ನೊಂದು ಜನರಲ್ಲಿ ಆರು ಜನರನ್ನು ಇಟ್ಟುಕೊಂಡರು, ಉಳಿದವರ ಜಾಗಕ್ಕೆ ತಮ್ಮವರನ್ನು ತಂದರು. ಅಂದರೆ ಪಾಲುದಾರ ಖುಷಿಯಾದರೂ ಅಪಾಯವೇ! ಆಪರೇಟರ್ ಬದಲಾದರೆ ನನ್ನ ಗತಿ ಏನು ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.

ಆದರೆ ಕಲಿತದ್ದು ಜಾಸ್ತಿ. ದೊಡ್ಡವರ ಶಿಸ್ತು ಬೇರೆ. ಲ್ಯಾಬಿನ ತಪ್ಪು ಹಿಡಿಯಲು ಇಪ್ಪತ್ತು ಸ್ಯಾಂಪಲ್‌ಗೆ ಒಂದು ಬ್ಲಾಂಕ್ (ತಾಮ್ರ ಇಲ್ಲದ್ದು), ಒಂದು ಸ್ಟ್ಯಾಂಡರ್ಡ್ (ಎಷ್ಟು ತಾಮ್ರ ಅಂತ ಮೊದಲೇ ಗೊತ್ತಿರುವುದು), ಒಂದು ಡೂಪ್ಲಿಕೇಟ್, ತಪ್ಪಿದರೆ ಇಡೀ ಬ್ಯಾಚ್ ವಾಪಸ್. ಕತ್ತಲಾದ ಮೇಲೆ ಗಾಡಿ ಓಡಿಸುವಂತಿಲ್ಲ. ಮೊದಲು ಕಿರಿಕಿರಿ, ಆಮೇಲೆ ಅಭ್ಯಾಸ. ಮುಂದಿನ ಇಂಟರ್‌ವ್ಯೂನಲ್ಲಿ ಕೆಲಸ ಕೊಡಿಸಿದ್ದು ಅದೇ.

ನಿಮಗೆ ಸುಣ್ಣದಕಲ್ಲು ಬಿಟ್ಟರೆ ಏನೂ ಗೊತ್ತಿಲ್ಲ ಅಂತ ಅಳುಕಿರಬಹುದು. ಬೇಡ. ಭೀಮಾ ಕಣಿವೆಯ ಪದರ ಪದರದ ಸುಣ್ಣದಕಲ್ಲು, ಶೇಲ್ ನೋಡಿ ಬೆಳೆದವರಿಗೆ ಅಲ್ಲಿನ ಕಲ್ಲು ಅಪರಿಚಿತ ಅಲ್ಲ. ಅದೂ ಪದರದ ಕಲ್ಲೇ. ನಮ್ಮ ಸೇಡಂ, ಶಹಾಬಾದ್ ಕಡೆ ಪದರ ಹೆಚ್ಚುಕಡಿಮೆ ಚಾಪೆ ಹಾಸಿದ ಹಾಗೆ ಮಲಗಿದೆ. ಕಲಹರಿಯಲ್ಲಿ ಮಡಚಿಕೊಂಡು ಕಡಿದಾಗಿ ನಿಂತಿದೆ. ಹಾಗಾಗಿ ಹೋಲ್ ಓರೆಯಾಗಿ ಹಾಯ್ದರೆ ಏಳು ಮೀಟರ್ ಅನ್ನೋದು ನಿಜವಾದ ದಪ್ಪದಲ್ಲಿ ನಾಲ್ಕೇ ಇರಬಹುದು. ಅಣ್ಣಾರೇ, ನಿಮ್ಮ ಏಳರಲ್ಲಿ ನಿಜ ಎಷ್ಟಿತ್ತು?

ಇನ್ನೊಂದು ಎಚ್ಚರ. ಕೋರ್ ಫೋಟೊ ಯಾರಿಗೂ ಕಳಿಸಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಹೊಳೆಯುವ ಕೋರ್ ಹಿಡಿದ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ. ಷೇರುಪೇಟೆಗೆ ಹೇಳುವ ಮೊದಲೇ ಸುದ್ದಿ ಹೊರಗೆ ಹೋದಂತೆ ಅದು. ವಾರದೊಳಗೆ ಮನೆಗೆ ಕಳಿಸಿದರು.

ಶಹಾಪುರದಿಂದ

ನಿಜವಾದ ದಪ್ಪ ಐದು ಮೀಟರ್ ಚಿಲ್ಲರೆ ಅಕ್ಕಾರೇ. ಸರಿಯಾದ ಜಾಗಕ್ಕೇ ಕೈ ಹಾಕಿದಿರಿ.

ಬೀದರ್‌ನಿಂದ

ನಾನು ಕಲ್ಲಿನವನಲ್ಲ, ಲೆಕ್ಕದವನು. ಎರಡೇ ವಿಷಯ.

ಆಪ್ಷನ್ ಅಂದರೆ ಷೇರು ಅಲ್ಲ, ಗೊತ್ತುಪಡಿಸಿದ ಬೆಲೆಗೆ ಕೊಳ್ಳುವ ಹಕ್ಕು. ಷೇರು ಆ ಬೆಲೆ ದಾಟದಿದ್ದರೆ ಅದು ಬರೀ ಕಾಗದ. ಕೆಲಸ ಬಿಟ್ಟ ಮೇಲೆ ಎಷ್ಟು ದಿನ ಜೀವ ಇರುತ್ತದೆ ಅಂತ ಕೇಳಿ, ತುಂಬಾ ಕಡೆ 90 ದಿನ ಅಷ್ಟೆ. ಸಣ್ಣ ಕಂಪನಿ ಪ್ರತಿಸಲ ದುಡ್ಡು ಎತ್ತಿದಾಗಲೂ ಹೊಸ ಷೇರು ಹುಟ್ಟುತ್ತದೆ, ನಿಮ್ಮ ಪಾಲು ತೆಳುವಾಗುತ್ತದೆ. ನಮ್ಮ ಬಿದರಿ ಎರಕದಲ್ಲಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಹಾಕುತ್ತಾರೆ. ಸಂಬಳವನ್ನು ಸತು ಅಂದುಕೊಳ್ಳಿ, ಆಪ್ಷನ್ನನ್ನು ತಾಮ್ರ ಅಂದುಕೊಳ್ಳಿ. ಅದೇ ಅಳತೆಯಲ್ಲಿ ತೂಗಿ.

ತೆರಿಗೆ: ಕೆಲಸಕ್ಕೆ ಅಂತ ದೇಶ ಬಿಟ್ಟವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅನಿವಾಸಿ ಆಗುತ್ತಾರೆ. ನೀವು ಅಕ್ಟೋಬರಿನಲ್ಲಿ ಹೊರಟರೆ ಈ ವರ್ಷ ನಿವಾಸಿಯೇ. ಆಗ ಅಲ್ಲಿನ ಬ್ಯಾಂಕ್ ಖಾತೆಯನ್ನು ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ಹೊರಡುವ ತಿಂಗಳು ಸುಮ್ನೆ ಆರಿಸಬೇಡಿ.

ಕೇಳಿದವರು (ಸೇಡಂ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ದೂರ ಹೋಗುವ ಬದಲು ತಾಮ್ರದ ಕೆಲಸ ನಮ್ಮ ಕಡೆಯೇ ಸಿಗಲ್ವಾ? ಸುರಪುರ ತಾಲ್ಲೂಕಿನಲ್ಲಿ ಇದೆ ಅಂತ ಓದಿದ ನೆನಪು.

ಸುರಪುರದಿಂದ

ಇದೆ. ಕೃಷ್ಣೆ ದಂಡೆಯ ತಿಂಥಣಿ ಅಂದರೆ ಜನರಿಗೆ ಮೌನೇಶ್ವರ, ನಮ್ಮಂಥವರಿಗೆ ತಾಮ್ರ. ಅಲ್ಲಿ ಅದಿರು ಇದೆ ಅಂತ ಭೂವಿಜ್ಞಾನಿಗಳು ಯಾವಾಗಲೋ ಗುರುತಿಸಿದ್ದಾರೆ. ಆದರೆ ಅದಿರು ಇರೋದು ಬೇರೆ, ಸಂಬಳ ಕೊಡುವ ಕಂಪನಿ ಇರೋದು ಬೇರೆ, ಅಲ್ವಾ? ನಮ್ಮ ದೇಶದಲ್ಲಿ ತಾಮ್ರದ ಅದಿರು ತೆಗೆಯುವುದು ಅಂದರೆ ಮುಖ್ಯವಾಗಿ ಹಿಂದೂಸ್ತಾನ್ ಕಾಪರ್. ಮಲಾಂಜ್‌ಖಂಡ್, ಖೇತ್ರಿ, ಸಿಂಗ್‌ಭೂಮ್, ಎಲ್ಲವೂ ದೂರವೇ.

ಹುಡುಕುವ ಸಣ್ಣ ಕಂಪನಿಗಳಿಗೆ ಇಲ್ಲಿ ಹೆಚ್ಚು ಜಾಗ ಇರಲಿಲ್ಲ. 2023ರಲ್ಲಿ ಗಣಿ ಕಾಯ್ದೆ ತಿದ್ದಿ ಅನ್ವೇಷಣಾ ಲೈಸೆನ್ಸ್ ಅಂತ ಹೊಸದು ತಂದರು. 29 ಖನಿಜಗಳಿಗೆ, ಅದರಲ್ಲಿ ತಾಮ್ರವೂ ಇದೆ. ಐದು ವರ್ಷ, ಬೇಕಾದರೆ ಇನ್ನೆರಡು. ಹುಡುಕಿದವರಿಗೆ ಮುಂದೆ ಗಣಿ ಹರಾಜಿನ ಪ್ರೀಮಿಯಂನಲ್ಲಿ ಪಾಲು. ಆದರೆ ಗಣಿ ಅವರಿಗೇ ಸಿಗುತ್ತದೆ ಅಂತಿಲ್ಲ, ಅದು ಮತ್ತೆ ಹರಾಜು. ಕೆನಡಾ ತರಹದ ಅರ್ನ್-ಇನ್ ಇಲ್ಲಿ ಸುಲಭಕ್ಕೆ ಕೂರುವುದಿಲ್ಲ. ಇದನ್ನೇ ನಂಬಿಕೊಂಡು ಕಾಯಬೇಡಿ.

ಬದಲಿಗೆ ಒಂದು ಮಾಡಿ. ಜಿಎಸ್‌ಐ (ಕೇಂದ್ರ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣೆ) ಜಿಯಾಲಜಿಸ್ಟ್ ಪರೀಕ್ಷೆಗೆ ವಯಸ್ಸಿನ ಮಿತಿ 32, ಮೀಸಲಾತಿ ಇದ್ದರೆ ಇನ್ನೂ ಜಾಸ್ತಿ. ನಿಮಗಿನ್ನೂ 29. ಅಲ್ಲಿ ಮೂರು ವಾರ ರಜೆ ಸಿಕ್ಕಾಗೆಲ್ಲ ಪುಸ್ತಕ ತೆಗೆಯಿರಿ.

ಶಹಾಪುರದಿಂದ

ಒಂದು ಮಾತು ಬಿಟ್ಟೆ. ಪಾಲುದಾರ ಹೋದ ಅಂದರೆ ಆ ಜಾಗ ದಂಡ ಅಂತ ಅಲ್ಲ. ಮಂಗೋಲಿಯಾದ ಒಯು ತೊಲ್ಗೊಯ್‌ನಲ್ಲಿ ಮೊದಲು ಕೊರೆದದ್ದು ಬಿಎಚ್‌ಪಿ ಅನ್ನೋ ದೊಡ್ಡ ಗಣಿ ಕಂಪನಿ. ಸಾಕು ಅಂತ 2000ದಲ್ಲಿ ಸಣ್ಣವರಿಗೆ ಬಿಟ್ಟುಕೊಟ್ಟಿತು. ಅವರು ಆಳಕ್ಕೆ ಹೋದರು, ಜಗತ್ತಿನ ದೊಡ್ಡ ತಾಮ್ರದ ನಿಕ್ಷೇಪಗಳಲ್ಲಿ ಒಂದು ಸಿಕ್ಕಿತು. 2006ರಲ್ಲಿ ಇನ್ನೊಂದು ದೊಡ್ಡ ಗಣಿ ಕಂಪನಿ ರಿಯೊ ಟಿಂಟೊ ಪಾಲುದಾರನಾಗಿ ಬಂತು, 2022ರ ಕೊನೆಗೆ ಆ ಸಣ್ಣ ಕಂಪನಿಯನ್ನೇ ಪೂರ್ತಿ ಕೊಂಡುಕೊಂಡಿತು. ನೀವು ಹೋಗುವ ಪಟ್ಟಿಯಲ್ಲೂ ಅಷ್ಟೇ. ಬೊಸೆಟೊ ಗಣಿ 2015ರಲ್ಲಿ ನಿಂತುಹೋಯಿತು. ಅದೇ ಕಾರ್ಖಾನೆ ಬಳಸಿಕೊಂಡು ಖೋಮಕಾವ್ ಗಣಿ 2021ರಲ್ಲಿ ಶುರುವಾಯಿತು, 2024ರಲ್ಲಿ ಎಂಎಂಜಿ ಅನ್ನೋ ಗಣಿ ಕಂಪನಿ ಅದನ್ನು 187.5 ಕೋಟಿ ಡಾಲರ್ ಲೆಕ್ಕದಲ್ಲಿ ಕೊಂಡುಕೊಂಡಿತು. ತಾಮ್ರ ಕಾಯುತ್ತದೆ ತಮ್ಮಾ. ಮನೆ ಸಾಲದ ಕಂತು ಕಾಯುವುದಿಲ್ಲ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಟ್ಟೇ ಹೊರಡಿ.

ಕೇಳಿದವರು (ಸೇಡಂ)

ಸೆಡಾರ್ ಪ್ಲಸ್ ಹುಡುಕಿದೆ. ಕಡ್ಡಾಯ ಖರ್ಚಿನ ಭಾಗ ಹೋದ ವರ್ಷವೇ ಮುಗಿದಿದೆ. ಈ ವರ್ಷದ ಬಜೆಟ್‌ಗೆ ಸಹಿ ಆಗಿದೆ, ಡಿಸೆಂಬರ್‌ವರೆಗೆ. ಆಪರೇಟರ್ ಸದ್ಯಕ್ಕೆ ಸಣ್ಣ ಕಂಪನಿಯೇ. ಕಂಪನಿಯ ಸ್ವಂತ ನಗದು ಭಾಗಿಸಿದರೆ ಒಂಬತ್ತು ತಿಂಗಳು. ಅಪ್ಪನಿಗೆ ತೋರಿಸಿದೆ. "ದೊಡ್ಡವರ ಹೆಸರು ಹೇಳಿ ಒಂಬತ್ತು ತಿಂಗಳ ನೌಕರಿ ಕೊಡ್ತಾರಾ?" ಅಂದರು.

ಸೋಮವಾರ ಅವರ ಕರೆ ಇದೆ. ನೋಟಿಸ್ ಅವಧಿ ಒಂದು ತಿಂಗಳು ಇರುವುದನ್ನು ಮೂರು ಮಾಡಿ, ವಾಪಸ್ ಟಿಕೆಟ್ ಮೊದಲೇ ಓಪನ್ ಆಗಿ ತೆಗೆಸಿಕೊಡಿ, ಆಪರೇಟರ್ ಬದಲಾದರೆ ಏನು ಅಂತ ಬರೆದುಕೊಡಿ ಅಂತ ಕೇಳುತ್ತೇನೆ. ಮೂರರಲ್ಲಿ ಎರಡಕ್ಕೆ ಒಪ್ಪಿದರೂ ಹೋಗುತ್ತೇನೆ. ಆಪ್ಷನ್ ಬಗ್ಗೆ ಚೌಕಾಸಿ ಮಾಡುವುದಿಲ್ಲ. ಅಂದಹಾಗೆ, ಜೋಳದ ಹಿಟ್ಟು ಅಲ್ಲಿ ಸಿಗುತ್ತಾ?

ಶಹಾಪುರದಿಂದ

ಸಿಗುತ್ತದೆ, ಅವರೂ ಜೋಳ ತಿನ್ನುವವರೇ, ಗಂಜಿ ಮಾಡಿಕೊಳ್ಳುತ್ತಾರೆ. ರೊಟ್ಟಿ ಬಡಿಯಲು ಮಾತ್ರ ನೀವೇ ಕಲಿತು ಹೋಗಬೇಕು. ಶೇಂಗಾ ಹಿಂಡಿ ಎರಡು ಕಿಲೋ ಒಯ್ಯಿರಿ.