ಅಪ್‌ಡೇಟ್: ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕಿರ್ರೆನ್ನುತ್ತಿದ್ದ ಕಾರಣ ಸಿಕ್ಕಿತು

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗಾಡಿಯ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಬೆಲ್ಟ್ ಯಾಕೆ ಕಿರ್ರೆನ್ನುತ್ತೆ ಅಂತ ಕೇಳಿದ್ದೆ. ಇಂಜಿನ್ ಓಡುತ್ತಿರುವಾಗ ಬೆಲ್ಟಿನ ಒಳಮೈಗೆ ದೂರದಿಂದ ಸ್ವಲ್ಪ ನೀರು ಸ್ಪ್ರೇ ಮಾಡಿದೆ, ಸದ್ದು ಜಾಸ್ತಿಯಾಯಿತು. ಅಂದರೆ ಸಡಿಲವಾಗಿ ಜಾರುತ್ತಿದೆ. (ಸದ್ದು ನಿಂತು ಮತ್ತೆ ಬಂದಿದ್ದರೆ ಬೆಲ್ಟ್ ಸುತ್ತುವ ಪುಲ್ಲಿಗಳ ಸಾಲು ತಪ್ಪಿದೆ ಅನ್ನಬಹುದಿತ್ತು.) ಸ್ಟಾರ್ಟರ್ ಎಳೆದ ಚಾರ್ಜನ್ನು ಬ್ಯಾಟರಿಗೆ ತುಂಬುವಾಗ ಆಲ್ಟರ್ನೇಟರ್ ಮೇಲೆ ಲೋಡ್ ಹೆಚ್ಚು, ಅದಕ್ಕೇ ಆಗಲೇ ಜಾರೋದು.

ಇಂಜಿನ್ ಆಫ್ ಮಾಡಿ ಹೆಬ್ಬೆರಳಲ್ಲಿ ಒತ್ತಿದರೆ ಬೆಲ್ಟ್ 20 ಮಿ.ಮೀ. ಇಳಿಯುತ್ತಿತ್ತು, ಈ ಗಾಡಿಗೆ 10 ಸಾಕು. ಆಲ್ಟರ್ನೇಟರನ್ನು ಹಿಡಿದಿರುವ ಪಿವಟ್ ಬೋಲ್ಟ್ ಸಡಿಲಿಸಿ, ಬೆಲ್ಟ್ ಬಿಗಿಮಾಡುವ ಅಡ್ಜಸ್ಟಿಂಗ್ ಬೋಲ್ಟ್ ಬಿಗಿದರೂ ಸದ್ದು ಪೂರ್ತಿ ಹೋಗಲಿಲ್ಲ. ಬೆಲ್ಟಿನ ಮೈ ಗಾಜಿನಂತೆ ನುಣುಪಾಗಿತ್ತು, ಹಿಡಿತ ಎಲ್ಲಿಂದ ಬರಬೇಕು! ಹೊಸದು ಹಾಕಿ, 5 ನಿಮಿಷ ಓಡಿಸಿ, ಆಫ್ ಮಾಡಿ ಮತ್ತೊಮ್ಮೆ ಬಿಗಿದ ಮೇಲೆ ಸದ್ದಿಲ್ಲ. ಅತಿಯಾಗಿ ಮಾತ್ರ ಬಿಗಿಯಬೇಡಿ, ಆಲ್ಟರ್ನೇಟರ್ ಬೇರಿಂಗ್ ಹೋಗುತ್ತೆ.