ಪ್ರಶ್ನೋತ್ತರ: ನಮ್ಮ ವೆಬ್‌ಸೈಟ್‌ಗೆ ಹೋಸ್ಟಿಂಗ್ ಯಾರ ಹತ್ತಿರ ತಗೊಳ್ಳಬೇಕು?

ಕುಶಾಲನಗರ, ಕಾಫಿಪುಡಿ ಅಂಗಡಿ: ಸರ್, ಹೊಸ ಸೈಟ್ ಮಾಡಿಸುತ್ತಿದ್ದೇನೆ. ಏಳೆಂಟು ಪುಟ, ಒಂದಷ್ಟು ಫೋಟೋ. ಯಾವ ಹೋಸ್ಟಿಂಗ್ ಒಳ್ಳೇದು?

ಸರ್ವರ್ ಎಂಜಿನಿಯರ್, ಮಡಿಕೇರಿ: ಅಷ್ಟಕ್ಕೆ ಶೇರ್ಡ್ ಹೋಸ್ಟಿಂಗ್ ಸಾಕು, ಅಂದರೆ ಒಂದೇ ಸರ್ವರ್‌ನಲ್ಲಿ (ಸೈಟ್ ಇಡುವ ಕಂಪ್ಯೂಟರ್) ಹಲವರ ಸೈಟ್ ಇರುವುದು. ಗಿರಾಕಿಗಳು ಇಲ್ಲಿನವರೇ ಅಲ್ವಾ, ಸರ್ವರ್ ಭಾರತದಲ್ಲೇ ಇರಲಿ. ಮೊದಲ ವರ್ಷದ ರೇಟ್ ನೋಡಿ ಮರುಳಾಗಬೇಡಿ. ರಿನ್ಯೂವಲ್ ಎಷ್ಟು ಅಂತ ಕೇಳಿ, ಮೇಲೆ 18% ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ದಿನಾ ಬ್ಯಾಕಪ್ ತೆಗೆಯುತ್ತಾರಾ, ಸೈಟ್ ಕೆಟ್ಟರೆ ಅದನ್ನು ವಾಪಸ್ ಹಾಕಿಕೊಡೋಕೆ ದುಡ್ಡು ಕೇಳುತ್ತಾರಾ, ಅದೂ ಗೊತ್ತಿರಲಿ. ಎಸ್‌ಎಸ್‌ಎಲ್‌ಗೆ (ಸೈಟ್‌ಗೆ ಹೋಗಿಬರುವ ಮಾಹಿತಿ ಬೇರೆಯವರು ಓದದ ಹಾಗೆ ಕಾಯುವ ಸರ್ಟಿಫಿಕೇಟ್) ಬೇರೆ ದುಡ್ಡು ಬೇಡ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯದ್ದು ಪುಕ್ಕಟೆ ಸಿಗುತ್ತದೆ.

ನಾಪೋಕ್ಲು, ಹೋಂಸ್ಟೇ: ನಮ್ಮ ಸೈಟ್ ಮಾಡಿಕೊಟ್ಟ ಹುಡುಗ ಈಗ ಫೋನೇ ಎತ್ತುತ್ತಿಲ್ಲ. ಹೋಸ್ಟಿಂಗ್, ಡಾಟ್ ಕಾಮ್ ಹೆಸರು ಎರಡೂ ಅವನೇ ತೆಗೆದಿದ್ದು. ಬೇರೆ ಹೋಸ್ಟಿಂಗ್‌ಗೆ ಹೋಗಬೇಕು. ಡಿಸೆಂಬರ್ ಬುಕಿಂಗ್ ಜಾಸ್ತಿ ಬರುವುದು ಸೈಟ್‌ನಿಂದಲೇ.

ಎಂಜಿನಿಯರ್: ಅಕ್ಕ, ಹೋಸ್ಟಿಂಗ್ ಮಾತು ಆಮೇಲೆ. ಡೊಮೇನ್, ಅಂದರೆ ಆ ಡಾಟ್ ಕಾಮ್ ಹೆಸರು, ಯಾವತ್ತು ಮುಗಿಯುತ್ತದೆ ಅಂತ ಇವತ್ತೇ ನೋಡಿ. ಹೋಸ್ಟಿಂಗ್ ಹೋದರೆ ಇನ್ನೊಂದು ಕಡೆ ಸೈಟ್ ಕಟ್ಟಬಹುದು. ಡೊಮೇನ್ ಜಾಗದ ಆರ್‌ಟಿಸಿ ಇದ್ದ ಹಾಗೆ, ಅದರಲ್ಲಿ ಯಾರ ಹೆಸರಿದೆಯೋ ಅವರ ಮಾತೇ ನಡೆಯುವುದು. ಐಕಾನ್ (ICANN, ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ಲುಕಪ್ ಪುಟದಲ್ಲಿ ನಿಮ್ಮ ಡೊಮೇನ್ ಟೈಪ್ ಮಾಡಿದರೆ ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಟ್ಟ ಕಂಪನಿ) ಯಾರು, ಎಕ್ಸ್‌ಪೈರಿ ಯಾವತ್ತು, ಎರಡೂ ಸಿಗುತ್ತದೆ. ನನಗೆ ಹೆದರಿಕೆ ಇರುವುದು ಇಲ್ಲಿ: ಮುಗಿಯೋಕೆ ಸುಮಾರು ಒಂದು ತಿಂಗಳು ಇರುವಾಗ, ಮತ್ತೆ ಒಂದು ವಾರ ಇರುವಾಗ ರಿಜಿಸ್ಟ್ರಾರ್ ನೆನಪಿಸಿ ಮೇಲ್ ಹಾಕುತ್ತಾರೆ, ಆದರೆ ಅದು ಹೋಗುವುದು ಆ ಹುಡುಗನ ಇನ್‌ಬಾಕ್ಸ್‌ಗೆ, ನಿಮಗೆ ಗೊತ್ತಾಗುವುದು ಸೈಟ್ ನಿಂತ ಮೇಲೆ. ಡಾಟ್ ಕಾಮ್ ಡಿಲೀಟ್ ಆದರೂ 30 ದಿನ ರಿಡೆಂಪ್ಷನ್ ಇದೆ, ಜಾಸ್ತಿ ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದು. ಅದಾಗಿ 5 ದಿನಕ್ಕೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ.

ಹುಡುಗನನ್ನು ಮನೆಯವರ ಮೂಲಕವಾದರೂ ಹಿಡಿಯಿರಿ. ಜಗಳ ಬೇಡ. ಮೊದಲು ರಿನ್ಯೂ ಮಾಡಿಸಿ, ದುಡ್ಡು ನೀವೇ ಕೊಡಿ. ಆಮೇಲೆ ಅದೇ ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಹೆಸರಿನ ಅಕೌಂಟ್ ತೆಗೆದು ಅದಕ್ಕೆ ಡೊಮೇನ್ ಹಾಕಿಸಿಕೊಳ್ಳಿ. ಅವನು ಸಿಗದಿದ್ದರೆ ಬಿಲ್, ಅವನಿಗೆ ದುಡ್ಡು ಹಾಕಿದ ದಾಖಲೆ, ಹೋಂಸ್ಟೇ ಕಾಗದ ಇಟ್ಟು ರಿಜಿಸ್ಟ್ರಾರ್‌ಗೆ ಬರೆಯಿರಿ. ಸೈಟ್ ನಡೆಯುತ್ತಿರುವಾಗಲೇ ಫೋಟೋ, ಬರಹ ಎಲ್ಲ ಇಳಿಸಿಕೊಳ್ಳಿ.

ಗೋಣಿಕೊಪ್ಪ: ಸರ್, ಯಾವ ಹೋಸ್ಟಿಂಗ್ ಒಳ್ಳೇದು?

ಎಂಜಿನಿಯರ್: ಮೇಲೆ ಬರೆದಿದ್ದೇನೆ.

ಪೊನ್ನಂಪೇಟೆ: ಜೇನು ಮಾರೋಕೆ ಪೇಮೆಂಟ್ ಗೇಟ್‌ವೇ ಯಾವುದು ಹಾಕಲಿ ಸರ್?

ಸಿದ್ದಾಪುರ: ಫಾರ್ವರ್ಡ್ ಬಂದಿದೆ, ಎಲ್ಲರೂ ನೋಡಿ: 999 ರೂಪಾಯಿಗೆ ಲೈಫ್‌ಟೈಮ್ ಅನ್‌ಲಿಮಿಟೆಡ್ ಹೋಸ್ಟಿಂಗ್, ದುಡ್ಡು ಕೊಟ್ಟು ತಗೊಳ್ಳುವ ಥೀಮ್‌ಗಳೆಲ್ಲ (ಸೈಟ್‌ನ ರೆಡಿಮೇಡ್ ವಿನ್ಯಾಸ) ಫ್ರೀ.

ಎಂಜಿನಿಯರ್: ಇಂಥದ್ದು ಹಾಕಬೇಡಿ ಅಂತ ಎಷ್ಟು ಸಲ ಹೇಳಬೇಕು? ಸರ್ವರ್‌ಗೆ ತಿಂಗಳು ತಿಂಗಳು ಖರ್ಚಿದೆ, ಒಂದು ಸಲ 999 ತಗೊಂಡು ಜೀವನಪೂರ್ತಿ ಯಾರು ನಡೆಸುತ್ತಾರೆ? ಅನ್‌ಲಿಮಿಟೆಡ್ ಅಂದವರ ಷರತ್ತು ಓದಿ, ಫೈಲ್‌ಗಳ ಲೆಕ್ಕಕ್ಕೆ ಮಿತಿ ಇಟ್ಟಿರುತ್ತಾರೆ. ಕದ್ದ ಥೀಮ್ ಒಳಗೆ ಕಳ್ಳ ಕೋಡ್ ತುಂಬಿ ಹಂಚುವವರಿದ್ದಾರೆ. ಹಾಕಿಕೊಂಡರೆ ನಿಮ್ಮ ಸೈಟ್ ತೆರೆದವರು ಜೂಜಿನ ಪುಟಕ್ಕೆ ಹೋಗಿ ಬೀಳಬಹುದು.

ಸಿದ್ದಾಪುರ: ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಕೋಪ ಯಾಕೆ?

ವಿರಾಜಪೇಟೆ: ಸೈಟೇ ಯಾಕೆ ಬೇಕು? ಇನ್‌ಸ್ಟಾಗ್ರಾಂ ಸಾಕು. ಮಳೆಗಾಲದಲ್ಲಿ ಇಲ್ಲಿ ಕರೆಂಟೇ ಇರಲ್ಲ, ಸೈಟ್ ಎಲ್ಲಿಂದ ನಡೆಯುತ್ತದೆ?

ಕುಶಾಲನಗರ: ಅಕೌಂಟ್ ಲಾಕ್ ಆದರೆ ಏನು ಮಾಡುತ್ತೀರಿ? ಆ್ಯಪ್‌ನವರ ಕಮಿಷನ್ ನೀವು ಕಟ್ಟುತ್ತೀರಾ?

ವಿರಾಜಪೇಟೆ: ನಿಮಗೆ ವ್ಯಾಪಾರ ಗೊತ್ತಿಲ್ಲ ಬಿಡಿ.

ಕುಶಾಲನಗರ: ಅಪ್ಪನ ಕಾಲದಿಂದ ಅಂಗಡಿ ನಡೆಸುತ್ತಿದ್ದೇವೆ, ನೀವು ಹೇಳಿಕೊಡಬೇಕಾ?

ಎಂಜಿನಿಯರ್: ಸರ್ವರ್ ನಿಮ್ಮ ಮನೆಯಲ್ಲಿ ಇರಲ್ಲ. ಇಲ್ಲಿ ಕರೆಂಟ್ ಹೋದರೆ ಸೈಟ್ ಬೀಳಲ್ಲ.

ಗೋಣಿಕೊಪ್ಪ: ಮೇಲೆ ಎಲ್ಲಿ ಸರ್? ಕಂಪನಿ ಹೆಸರು ಇಲ್ಲವಲ್ಲ.

ನಾಪೋಕ್ಲು: ನೋಡಿದೆ. ಎಕ್ಸ್‌ಪೈರಿ ಬರುವ ಶುಕ್ರವಾರ. ಹುಡುಗನ ಫೋನ್ ಸ್ವಿಚ್ ಆಫ್.

ಎಂಜಿನಿಯರ್: ರಿಜಿಸ್ಟ್ರಾರ್ ಹೆಸರಿನ ಸ್ಕ್ರೀನ್‌ಶಾಟ್ ಈಗಲೇ ನನಗೆ ಕಳಿಸಿ, ಅವರಿಗೆ ಬರೆಯುವ ಮೇಲ್ ಇವತ್ತು ರಾತ್ರಿಯೇ ಸೇರಿ ಬರೆಯೋಣ. ಉಳಿದವರ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.