ಜಿಡಿಬಿಯಲ್ಲಿ ಸರಿ, ಹೊರಗೆ ಕ್ರ್ಯಾಶ್: ಮೆಮೊರಿ ವಿಳಾಸಗಳ ಅದಲುಬದಲನ್ನು ಪ್ರೋಗ್ರಾಂ ತಾನೇ ನಿಲ್ಲಿಸಬಹುದೇ?

ಪ್ರಶ್ನೆ (ಸಕಲೇಶಪುರ, ಹಾಸನ ಜಿಲ್ಲೆ)

ನಮಸ್ಕಾರ. ತೋಟದಲ್ಲಿ ಪ್ರತಿದಿನ ಬೆಳಿಗ್ಗೆ ಅಳೆಯುವ ಮಳೆಯನ್ನು ಇಂಚು, ಸೆಂಟುಗಳಲ್ಲಿ ದಾಖಲಿಸಲು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಅದು ದಾಖಲೆಗಳನ್ನು ಪಾಯಿಂಟರ್‌ಗಳ (ಮೆಮೊರಿ ವಿಳಾಸಗಳ) ಸಮೇತ ಮೆಮೊರಿಯಲ್ಲಿದ್ದಂತೆಯೇ ಫೈಲಿಗೆ ಬರೆದು, ಮರುದಿನ ಹಾಗೆಯೇ ಓದಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಎರಡನೆಯ ಬಾರಿ ಚಲಾಯಿಸಿದೊಡನೆ ಸೆಗ್ಮೆಂಟೇಶನ್ ಫಾಲ್ಟ್ (ತಪ್ಪು ವಿಳಾಸವನ್ನು ಮುಟ್ಟಿದ ದೋಷ) ಬರುತ್ತದೆ, ಆದರೆ ಜಿಡಿಬಿ ಎಂಬ ದೋಷ ಹುಡುಕುವ ಸಾಧನದೊಳಗೆ ಒಮ್ಮೆಯೂ ಬಂದಿಲ್ಲ. ಪ್ರತಿ ಬಾರಿ ಮೆಮೊರಿ ವಿಳಾಸಗಳನ್ನು ಅದಲುಬದಲು ಮಾಡುವ ಎಎಸ್‌ಎಲ್‌ಆರ್ ಎಂಬ ರಕ್ಷಣೆಯನ್ನು ಇಡೀ ಯಂತ್ರಕ್ಕೆ ನಿಲ್ಲಿಸಿದಾಗ ಸರಿಹೋಯಿತು. ಅದೇ ಯಂತ್ರದಲ್ಲಿ ಬ್ಯಾಂಕಿನ ಕೆಲಸವನ್ನೂ ಮಾಡುವುದರಿಂದ ಹಾಗೆಯೇ ಬಿಡಲು ಮನಸ್ಸಿಲ್ಲ. ಈ ಒಂದು ಪ್ರೋಗ್ರಾಂ ಮಾತ್ರ ತನಗಾಗಿ ಅದನ್ನು ನಿಲ್ಲಿಸಿಕೊಳ್ಳಬಹುದೇ? ಫ್ರೀಬಿಎಸ್‌ಡಿ ಮತ್ತು ವಿಂಡೋಸ್‌ನಲ್ಲಿಯೂ ಬೇಕಾಗುತ್ತದೆ.

ಉತ್ತರ (ಚಿಕ್ಕಮಗಳೂರು)

ಜಿಡಿಬಿ ತಾನು ಚಾಲೂ ಮಾಡುವ ಪ್ರೋಗ್ರಾಂಗೆ ಎಎಸ್‌ಎಲ್‌ಆರ್ ಅನ್ನು ಮೊದಲೇ ನಿಲ್ಲಿಸಿರುತ್ತದೆ, ನಿಮ್ಮ ದೋಷ ಅಲ್ಲಿ ಅಡಗಿಕೊಳ್ಳುವುದು ಅದರಿಂದಲೇ. ಜಿಡಿಬಿಯೊಳಗೆ ಪ್ರೋಗ್ರಾಂನ ಮೆಮೊರಿ ನಕ್ಷೆಯನ್ನು ತೆರೆದು ನೋಡಿ: 64 ಬಿಟ್ ಇಂಟೆಲ್ ಯಂತ್ರವಾದರೆ ಮೊದಲ ಸಾಲು ಸಾಮಾನ್ಯವಾಗಿ ಪ್ರತಿ ಬಾರಿಯೂ 555555554000 ಎಂದೇ ಇರುತ್ತದೆ. ಹೊರಗೆ ಚಲಾಯಿಸಿದಾಗ ಅದು ಪ್ರತಿ ಬಾರಿ ಬೇರೆಯಾಗುತ್ತದೆ.

ಲಿನಕ್ಸ್‌ನಲ್ಲಿ ಸೆಟ್‌ಆರ್ಚ್ ಆಜ್ಞೆಗೆ ದೊಡ್ಡಕ್ಷರದ ಆರ್ ಆಯ್ಕೆಯನ್ನು ಕೊಟ್ಟು ಚಲಾಯಿಸಿದರೆ ಆ ಒಂದು ಪ್ರೋಗ್ರಾಂಗೆ, ಅದು ಚಾಲೂ ಮಾಡುವ ಇತರ ಪ್ರೋಗ್ರಾಂಗಳಿಗೆ ಮಾತ್ರ ಎಎಸ್‌ಎಲ್‌ಆರ್ ನಿಲ್ಲುತ್ತದೆ. ಪ್ರೋಗ್ರಾಂ ತಾನೇ ಮಾಡಬೇಕಾದರೆ ಪರ್ಸನಾಲಿಟಿ ಎಂಬ ಸಿಸ್ಟಂ ಕರೆಯಿಂದ ಸೂಕ್ತ ಫ್ಲ್ಯಾಗ್ ಹಾಕಿ, ತನ್ನನ್ನೇ ಮತ್ತೊಮ್ಮೆ ಎಕ್ಸೆಕ್ ಮಾಡಿಕೊಳ್ಳಬೇಕು, ಅಂದರೆ ಹೊಸದಾಗಿ ಲೋಡ್ ಮಾಡಿ ಚಾಲೂ ಮಾಡಿಕೊಳ್ಳಬೇಕು. ವಿಳಾಸಗಳು ನಿರ್ಧಾರವಾಗುವುದು ಎಕ್ಸೆಕ್ ಹೊತ್ತಿನಲ್ಲಿ, ಆದ್ದರಿಂದ ಬರೀ ಫ್ಲ್ಯಾಗ್ ಹಾಕಿದರೆ ಈಗಾಗಲೇ ಲೋಡ್ ಆಗಿರುವ ಭಾಗ ಕದಲುವುದಿಲ್ಲ.

ಫ್ರೀಬಿಎಸ್‌ಡಿಯಲ್ಲಿ 13.2ರಿಂದ 64 ಬಿಟ್ ಪ್ರೋಗ್ರಾಂಗಳಿಗೆ ಎಎಸ್‌ಎಲ್‌ಆರ್ ತಾನಾಗಿಯೇ ಚಾಲೂ ಇರುತ್ತದೆ. ಅಲ್ಲಿ ಪ್ರಾಕ್‌ಸಿಟಿಎಲ್ ಕರೆ ಇದೇ ಕೆಲಸ ಮಾಡುತ್ತದೆ, ಅದೂ ಮುಂದಿನ ಎಕ್ಸೆಕ್‌ನಲ್ಲಿಯೇ ಜಾರಿಗೆ ಬರುತ್ತದೆ. ವಿಂಡೋಸ್‌ನಲ್ಲಿ ಲಿಂಕ್ ಮಾಡುವಾಗ ಡೈನಾಮಿಕ್‌ಬೇಸ್ ಆಯ್ಕೆಯನ್ನು ತೆಗೆಯಬಹುದು, ಆದರೆ ಅದರಿಂದ ಪ್ರೋಗ್ರಾಂನ ಮೂಲ ವಿಳಾಸ ಸ್ಥಿರವಾಗುತ್ತದೆಯೇ ಹೊರತು ನಿಮ್ಮ ದಾಖಲೆಗಳಿರುವ ಹೀಪ್ ಎಂಬ ಮೆಮೊರಿ ಭಾಗದ ಬಗ್ಗೆ ಭರವಸೆಯಿಲ್ಲ.

ಪ್ರಶ್ನಿಸಿದವರು

ಲಿನಕ್ಸ್‌ನಲ್ಲಿ ಫಲಿಸಿತು, ಧನ್ಯವಾದಗಳು. ಆದರೆ ಅದನ್ನೇ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿರಿಸಿ ನಡೆಸುವ ಆವರಣದಲ್ಲಿ) ಚಲಾಯಿಸಿದರೆ ಏನನ್ನೂ ಮುದ್ರಿಸದೆ, ಪ್ರೊಸೆಸರ್ ಅನ್ನು ಪೂರ್ತಿ ಬಳಸುತ್ತಾ ನಿಂತುಬಿಡುತ್ತದೆ.

ಉತ್ತರ (ಚಿಕ್ಕಮಗಳೂರು)

ಯಾವ ಸಿಸ್ಟಂ ಕರೆಗಳನ್ನು ಬಿಡಬೇಕೆಂದು ತೀರ್ಮಾನಿಸುವ ಡಾಕರ್‌ನ ಸಾಮಾನ್ಯ ಸೆಕ್‌ಕಾಂಪ್ ನಿಯಮಾವಳಿ ಪರ್ಸನಾಲಿಟಿ ಕರೆಯ ಆ ಫ್ಲ್ಯಾಗ್‌ಗೆ ಅನುಮತಿ ಕೊಡುವುದಿಲ್ಲ. ನಿಮ್ಮ ಪ್ರೋಗ್ರಾಂ ಕರೆಯ ಉತ್ತರವನ್ನು ನೋಡದೆ ಎಕ್ಸೆಕ್ ಮಾಡುತ್ತದೆ, ಹೊಸ ಪ್ರತಿ ಫ್ಲ್ಯಾಗ್ ಇಲ್ಲದ್ದನ್ನು ಕಂಡು ಮತ್ತೆ ಎಕ್ಸೆಕ್ ಮಾಡುತ್ತದೆ, ಹೀಗೆ ಕೊನೆಯಿಲ್ಲದೆ ಸುತ್ತುತ್ತಿದೆ. ಕರೆ ವಿಫಲವಾದರೆ ದೋಷ ಸಂದೇಶ ಬರೆದು ಹೊರಬರುವಂತೆ ಮಾಡಿ. ಇದಕ್ಕಾಗಿ ಕಂಟೇನರ್‌ನ ರಕ್ಷಣೆಯನ್ನು ಸಡಿಲಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಲೈಬ್ರರಿಯ ಆವೃತ್ತಿ ಬದಲಾದರೂ ಹೀಪ್‌ನ ವಿಳಾಸಗಳು ಜರುಗಬಹುದು, ಆಗ ಹಲವು ವರ್ಷಗಳ ಮಳೆ ಲೆಕ್ಕ ಓದಲಾಗದೆ ಹೋಗುತ್ತದೆ. ಮೆಮೊರಿಯನ್ನು ಇದ್ದಂತೆಯೇ ಫೈಲಿಗೆ ಇಳಿಸುತ್ತಿದ್ದ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ಕೂಡ 2020ರ 27ನೆಯ ಆವೃತ್ತಿಯಲ್ಲಿ ಯಾವ ವಿಳಾಸಕ್ಕಾದರೂ ಹೊಂದಿಕೊಳ್ಳುವ ಕ್ರಮಕ್ಕೆ ಬದಲಾಯಿತು. ಪಾಯಿಂಟರ್ ಬದಲು ಫೈಲಿನ ಆರಂಭದಿಂದ ಎಷ್ಟು ಬೈಟ್ ದೂರ ಎಂಬ ಸಂಖ್ಯೆಯನ್ನು ಬರೆಯಿರಿ. ಮೂರೂ ವ್ಯವಸ್ಥೆಗಳಲ್ಲಿ ಎಎಸ್‌ಎಲ್‌ಆರ್ ಚಾಲೂ ಇರುವಾಗಲೇ ನಿಮ್ಮ ಕೆಲಸ ನಡೆಯುತ್ತದೆ.

ಪ್ರಶ್ನಿಸಿದವರು

ಹಾಗೆಯೇ ಬದಲಾಯಿಸಿದೆ. ಹಳೆಯ ಫೈಲನ್ನು ಸೆಟ್‌ಆರ್ಚ್ ಮೂಲಕ ಕೊನೆಯ ಬಾರಿಗೆ ಓದಿಸಿ, ಹೊಸ ಕ್ರಮದಲ್ಲಿ ಬರೆಸಿದ್ದೇನೆ. ಕಂಟೇನರ್‌ನಲ್ಲಿಯೂ ಸರಿಯಾಗಿ ತೆರೆದುಕೊಳ್ಳುತ್ತಿದೆ.